ದೋಣಿ ತಳದಲ್ಲಿ ಯಂತ್ರದ ‘ಕಿವಿ’ ಎಲ್ಲಿರಬೇಕು?

ದುಧನಿ: ತೊಗರಿ, ಕಡಲೆ ವ್ಯಾಪಾರದ ಈ ಊರಿಗೂ ಸಮುದ್ರಕ್ಕೂ ನೂರಾರು ಕಿ.ಮೀ. ದೂರ. ಆದರೆ ನೀರೇನೂ ದೂರವಿಲ್ಲ. ಅಕ್ಕಲಕೋಟ ತಾಲೂಕಿನಲ್ಲೇ ಬೋರಿ ನದಿಯ ಕುರನೂರ ಧರಣವಿದೆ. ಅತ್ತ ಭೀಮಾ ನದಿಯ ಉಜನಿ ಹಿನ್ನೀರಿನಲ್ಲಿ ಬಲೆ ಬೀಸಿ ಹೊಟ್ಟೆ ಹೊರೆಯುವ ಕುಟುಂಬಗಳಿವೆ. ಮೀನು ತೋರಿಸುವ ಮಷಿನ್, ಅಂದರೆ ಫಿಶ್ ಫೈಂಡರ್, ಈಗ ಸಣ್ಣ ದೋಣಿಗೂ ಸಿಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಮೇಲೆ ಅದು ಏನೂ ತೋರಿಸದಿದ್ದರೆ? ಅನೇಕ ಸಲ ತಪ್ಪು ಮಷಿನ್ನಿನದಲ್ಲ, ಅದರ ಸೆನ್ಸರ್ ಕೂರಿಸಿದ ಜಾಗದ್ದು.

ಈ ಸೆನ್ಸರ್‌ಗೆ ಟ್ರಾನ್ಸ್‌ಡ್ಯೂಸರ್ ಎನ್ನುತ್ತಾರೆ. ಬಾಯಿಯೂ ಅದೇ, ಕಿವಿಯೂ ಅದೇ. ನೀರಿನೊಳಗೆ ಸದ್ದು ಬಿಡುತ್ತದೆ, ಮರುದನಿ ಕೇಳುತ್ತದೆ. ನೀರಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. 15 ಮೀಟರ್ ಆಳದ ತಳಕ್ಕೆ ಬಡಿದು ಮರಳಲು ಸೆಕೆಂಡಿನ ಐವತ್ತನೇ ಒಂದು ಪಾಲು ಸಾಕು.

ಇದಕ್ಕೆ ದೊಡ್ಡ ವೈರಿ ಗಾಳಿಗುಳ್ಳೆ. ದೋಣಿ ಓಡುವಾಗ ಮೂತಿ ನೀರು ಸೀಳುತ್ತದೆ, ಗುಳ್ಳೆಗಳು ತಳಕ್ಕಂಟಿ ಹಿಂದೆ ಹರಿಯುತ್ತವೆ. ಸದ್ದು ಅವನ್ನು ದಾಟುವುದಿಲ್ಲ. ಹಾಗಂತ ತೀರಾ ಮುಂದೆ ಕೂರಿಸಿದರೆ ಅಲೆಗೆ ಮೂತಿ ಎದ್ದಾಗ ಸೆನ್ಸರ್ ನೀರು ಬಿಡುತ್ತದೆ. ತೀರಾ ಹಿಂದೆ ಹಾಕಿದರೆ ಪ್ರೊಪೆಲ್ಲರ್, ಇಂಜಿನ್ ಗದ್ದಲ. ಹೀಗಾಗಿ ಬೋಟಿನ ಸ್ವಭಾವ ನೋಡಿ ನಡುಭಾಗದ ಆಸುಪಾಸು, ಕೀಲ್ ದಿಂಡಿಗೆ ಹತ್ತಿರ, ಸದಾ ನೀರಲ್ಲಿ ಮುಳುಗಿರುವ ಜಾಗ ಹುಡುಕುತ್ತಾರೆ. ಅದರ ಮುಂದೆ ನೀರೆಳೆಯುವ ತೂತಾಗಲಿ, ಹಲಗೆಯ ಉಬ್ಬಾಗಲಿ ಇರಬಾರದು. ತಳ ಓರೆಯಿದ್ದರೆ ಅಡಿಗೆ ಕಟ್ಟಿಗೆಯದೋ ಪ್ಲಾಸ್ಟಿಕ್ಕಿನದೋ ದಿಮ್ಮಿ ಕೊಟ್ಟು ಮುಖ ನೇರ ಕೆಳಗೆ ನೋಡುವಂತೆ ಮಾಡಬೇಕು.

ದೋಣಿ ಯಾವುದರದು ಎಂಬುದೂ ಮುಖ್ಯ. ಗಟ್ಟಿ ಫೈಬರ್ ಆದರೆ ಒಳಗಿನಿಂದಲೇ ಅಂಟಿಸಬಹುದು, ಸ್ವಲ್ಪ ಶಕ್ತಿ ಕಳೆದರೂ ಸದ್ದು ದಾಟುತ್ತದೆ. ಕಟ್ಟಿಗೆ, ಕಬ್ಬಿಣದಲ್ಲಿ ಆ ಆಟ ನಡೆಯದು, ತಳ ಕೊರೆಯಲೇಬೇಕು. ಕಬ್ಬಿಣದ ಬೋಟಿಗೆ ಕಂಚಿನ ಕವಚ ಹಾಕಿದರೆ ಉಪ್ಪುನೀರಲ್ಲಿ ತೂತಿನ ಸುತ್ತ ಕಬ್ಬಿಣವೇ ಸವೆಯುತ್ತದೆ.

ಮಲ್ಪೆ, ಮಂಗಳೂರಿನಲ್ಲಿ ಬೋಟ್ ಮೇಲೆಳೆದು ದುರಸ್ತಿ ಮಾಡುವ ಕಾಲ ಜೂನ್, ಜುಲೈನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿ. ತೂತು ತಪ್ಪಿತೋ, ತಿದ್ದಲು ಬೋಟನ್ನು ಮತ್ತೆ ದಡಕ್ಕೇರಿಸಬೇಕು. ಆ ದಿನಗಳ ದುಡಿಮೆ ಖೋತಾ.

ಹುಡುಕಾಟಕ್ಕೂ ಇದೇ ವಿದ್ಯೆ. ಮಲ್ಪೆಯ ‘ಸುವರ್ಣ ತ್ರಿಭುಜ’ ಬೋಟ್ ಏಳು ಮೀನುಗಾರರ ಸಮೇತ 2018ರ ಡಿಸೆಂಬರ್‌ನಲ್ಲಿ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ನಮ್ಮದೇ ಮಹಾರಾಷ್ಟ್ರದ ಮಾಲವಣ ಸಮುದ್ರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ, ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಅದರ ಅವಶೇಷ ಪತ್ತೆ ಮಾಡಿತು. ನೆರವಾದದ್ದು ಸೋನಾರ್. ಇಂಥ ಶೋಧದ ಸೈಡ್ ಸ್ಕ್ಯಾನ್ ಸೋನಾರನ್ನು ಎಷ್ಟೋ ಸಲ ಹಡಗಿಗೆ ಬಿಗಿಯುವುದೇ ಇಲ್ಲ. ಕೇಬಲ್ ಕಟ್ಟಿ, ಗದ್ದಲದಿಂದ ದೂರ, ಹಿಂದೆ ಎಳೆದೊಯ್ಯುತ್ತಾರೆ.

ಧರಣದ ಸಣ್ಣ ದೋಣಿಗೆ ಇಷ್ಟು ರಗಳೆ ಬೇಡ. ಮೊದಲೇ ಕೊರೆಯಲೂ ಬೇಡ. ಕೋಲಿನ ತುದಿಗೆ ಸೆನ್ಸರ್ ಕಟ್ಟಿ ಪಕ್ಕದಲ್ಲಿ ನೀರಿಗಿಳಿಸಿ, ಆಳ ಗೊತ್ತಿದ್ದ ಕಡೆ ನಿಧಾನ ಓಡಿಸಿ ನೋಡಬೇಕು. ವೇಗ ಹೆಚ್ಚಿಸಿದಂತೆ ಪರದೆಯ ಮೇಲೆ ತಳದ ಗೆರೆ ಹರಿದುಹೋದರೆ ಅಲ್ಲಿ ಗುಳ್ಳೆ ಇದೆ ಎಂದರ್ಥ. ಗೇಣು ಕೆಳಗೆ ಅಥವಾ ಆಚೀಚೆ ಸರಿಸಿ ಮತ್ತೆ ಓಡಿಸಬೇಕು.