ಕನ್ನಡ 'ಕನರೇಸಿಶ್' ಆದ ಬಗೆ

ಏಸುಕ್ರಿಸ್ತನ ಮನೆಮಾತು ಅರಮಾಯಿಕ್ ಎಂಬುದು ವಿದ್ವಾಂಸರ ಅಭಿಪ್ರಾಯ. ಜರ್ಮನರ ಬಾಯಲ್ಲಿ ಅದು 'ಅರಮೇಯಿಶ್'. ಕೊನೆಯ 'ಇಶ್' ಸಂಬಂಧ ತೋರುವ ಪ್ರತ್ಯಯ. ಅರಾಮ್ ಎಂಬುದು ಈಗಿನ ಸಿರಿಯಾ ಭಾಗದ ಹಳೆಯ ಹೆಸರು. ಅರಾಮ್ ನಾಡಿನದು ಎಂದಷ್ಟೇ ಈ ಪದದ ಅರ್ಥ. ಇದೇ ಅಚ್ಚಿನಲ್ಲಿ ಎರಕಗೊಂಡ ಇನ್ನೊಂದು ಜರ್ಮನ್ ಪದ 'ಕನರೇಸಿಶ್'. ಅದು ಮತ್ತಾವುದೂ ಅಲ್ಲ, ನಮ್ಮ ಕನ್ನಡ!

ಬೆಳಗಾವಿಯ ಮರಾಠಿ ಭಾಷಿಕರು ಕನ್ನಡವನ್ನು 'ಕಾನಡಿ' ಎನ್ನುವುದುಂಟು. ಅಲ್ಲಿ 'ಡ'ಕಾರ ಉಳಿದಿದೆ. ಪೋರ್ಚುಗೀಸರ ಬಾಯಲ್ಲಿ ಅದು 'ರ' ಆಯಿತು, ಕನ್ನಡ ಕರಾವಳಿ 'ಕನಾರ' ಎನಿಸಿತು. ಇಂಗ್ಲಿಷರು ಅದರಿಂದ 'ಕೆನರೀಸ್' ಮಾಡಿಕೊಂಡರು. ಜರ್ಮನರು 'ಇಶ್' ಹಚ್ಚಿದರು.

ಹೆಸರು ಕೆಟ್ಟರೆ ಕೆಟ್ಟಿತು, ಅದರಿಂದೇನು ಎನ್ನುವಂತಿಲ್ಲ. ಖಾನಾಪುರದಿಂದ ಘಟ್ಟ ಇಳಿದರೆ ಸಿಗುವ ಗೋವಾದಲ್ಲಿ ಪೋರ್ಚುಗೀಸರು ಸ್ಥಳೀಯರನ್ನೇ 'ಕನಾರಿಂ' ಎಂದು ಕರೆದರು. ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದ 'ಕನಾರಿಂ ಭಾಷೆಯ ವ್ಯಾಕರಣ' ಅವರು ತೀರಿಕೊಂಡ ಬಳಿಕ, 1640ರಲ್ಲಿ, ಅಲ್ಲಿನ ರಾಶೋಲ್‌ನಲ್ಲಿ ಅಚ್ಚಾಯಿತು. ಶೀರ್ಷಿಕೆ ಕಂಡು ಕನ್ನಡಿಗರು ಹಿಗ್ಗಬೇಕಿಲ್ಲ, ಒಳಗಿರುವುದು ಕೊಂಕಣಿ. 1857ರಲ್ಲಿ ಕುನ್ಯಾ ರಿವಾರಾ ಮರುಮುದ್ರಿಸಿದಾಗಲೇ ಪುಸ್ತಕದ ಮೇಲೆ ಕೊಂಕಣಿಯ ಹೆಸರು ಬಂದದ್ದು. ಎರಡು ಶತಮಾನಕ್ಕೂ ಹೆಚ್ಚು ಕಾಲ ಒಂದು ಭಾಷೆಯ ವ್ಯಾಕರಣ ನೆರೆಮನೆಯ ಹೆಸರು ಹೊತ್ತು ಕೂತಿತ್ತು.

ಘಟ್ಟದ ಮೇಲೆ ಬಂದರೆ ಲೆಕ್ಕವೇ ಬೇರೆ. ಖಾನಾಪುರ ತಾಲ್ಲೂಕಿನ ಹಲಸಿಯ ಕದಂಬ ತಾಮ್ರಶಾಸನಗಳನ್ನು ಸಂಪಾದಿಸಿದ ಜೆ.ಎಫ್. ಫ್ಲೀಟ್, 1882ರಲ್ಲಿ ಮುಂಬಯಿ ಪ್ರಾಂತದ 'ಕೆನರೀಸ್ ಜಿಲ್ಲೆಗಳ' ರಾಜವಂಶಗಳ ಚರಿತ್ರೆ ಪ್ರಕಟಿಸಿದರು. ಬೆಳಗಾವಿಯೂ ಅದರಲ್ಲಿ ಸೇರಿದೆ. ಇಲ್ಲಿ ಕೆನರೀಸ್ ಎಂದರೆ ಕನ್ನಡವೇ. ಕನ್ನಡ, ಮರಾಠಿ, ಕೊಂಕಣಿ ಮೂರೂ ಕಿವಿಗೆ ಬೀಳುವ ಖಾನಾಪುರದ ಎರಡು ಮಗ್ಗುಲಲ್ಲಿ ಒಂದೇ ಬೇರಿನ ಪದಕ್ಕೆ ಎರಡು ಭಾಷೆಗಳು! ಹಳೆಯ ಶೀರ್ಷಿಕೆಯೊಂದನ್ನೇ ಹಿಡಿದು ಗಡಿಯ ವಾದಕ್ಕೆ ಇಳಿಯುವವರು ಒಳಪುಟವನ್ನೂ ತಿರುವಿ ನೋಡುವುದು ಒಳ್ಳೆಯದು.

ಕನ್ನಡದ ವ್ಯಾಕರಣ ಬರೆದ ವಿಲಿಯಂ ಕೇರಿ 1817ರಲ್ಲಿ 'ಕರ್ನಾಟ' ಭಾಷೆ ಎಂದಿದ್ದರು. 1832ರಲ್ಲಿ ನಿಘಂಟು ತಂದ ರೀವ್ 'ಕರ್ನಾಟಕ' ಎಂದರು. ಸ್ವತಃ ಜರ್ಮನರಾದ ಕಿಟೆಲ್ ಮಾತ್ರ 1894ರ ತಮ್ಮ ಇಂಗ್ಲಿಷ್ ನಿಘಂಟಿನ ಮುಖಪುಟದಲ್ಲಿ ಕನ್ನಡವನ್ನು ಕನ್ನಡವೆಂದೇ ಅಚ್ಚು ಹಾಕಿಸಿದರು. ಈಗ ಜರ್ಮನಿಯಲ್ಲೂ 'ಕನ್ನಡ' ಎಂಬ ರೂಪವೇ ಹೆಚ್ಚು ಬಳಕೆಯಲ್ಲಿದೆ. ಪೋರ್ಚುಗೀಸರ ಆ 'ರ'ಕಾರ ಮಾತ್ರ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಫಲಕದ ಮೇಲೆ ಗಟ್ಟಿಯಾಗಿ ಕುಳಿತಿದೆ.