ಮುಂಗವೆಯ ಜೀರ್ಣೋದ್ಧಾರ

ಮೋಟಾರ್‌ಸೈಕಲ್ಲಿನ ಮಾತು ಬಂದಾಗ ಜನ ಸಾಮಾನ್ಯವಾಗಿ ಎಂಜಿನ್ನಿನ ಗುಣಗಾನವನ್ನೇ ಮಾಡುತ್ತಾರೆ. ಅದರ ಸದ್ದು, ಅದರ ಎಳೆತ, ಅದು ಕುಡಿಯುವ ಪೆಟ್ರೋಲು, ಇವೇ ಸಂಭಾಷಣೆಯ ವಸ್ತು. ಮುಂದಿನ ಗಾಲಿಯನ್ನು ಎರಡು ಪಕ್ಕಗಳಿಂದ ಹಿಡಿದು ನಿಂತ ಕವೆಯನ್ನಾಗಲಿ, ಆ ಕವೆ ಚೌಕಟ್ಟಿನ ತಲೆಯೊಳಗೆ ತಿರುಗುವ ಕೀಲನ್ನಾಗಲಿ ಯಾರೂ ನೆನೆಯುವುದಿಲ್ಲ. ಆದರೆ ಎಂಜಿನ್ನು ಕೈಕೊಟ್ಟರೆ ಸವಾರ ರಸ್ತೆಯ ಪಕ್ಕದಲ್ಲಿ ನಿಲ್ಲುತ್ತಾನೆ. ಕವೆ ಕೈಕೊಟ್ಟರೆ ಅವನು ನಿಲ್ಲುವ ಸ್ಥಿತಿಯಲ್ಲಿಯೇ ಇರುವುದಿಲ್ಲ. ಇಂಗ್ಲಿಷಿನ ಫೋರ್ಕ್ ಎಂಬ ಶಬ್ದಕ್ಕೆ ನಮ್ಮ ಕವೆ ಎಂಬ ಮಾತು ಚೆನ್ನಾಗಿ ಹೊಂದುವುದರಿಂದ ಈ ಭಾಷಣದಲ್ಲಿ ಅದನ್ನೇ ಬಳಸುತ್ತೇನೆ.

ಈ ವಿಷಯಕ್ಕೆ ನಮ್ಮ ನಾಡಿನಲ್ಲಿ ವಿಶೇಷವಾದ ಪ್ರಸಕ್ತಿಯುಂಟು. ಚೆಕೊಸ್ಲೊವಾಕಿಯಾದ ಜಾವಾ ಗಾಡಿಯನ್ನು 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸತೊಡಗಿತು. 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮುಂದುವರಿದ ಈ ತಯಾರಿಕೆ 1996ರಲ್ಲಿ ನಿಂತುಹೋಯಿತು. ಕಾರ್ಖಾನೆಯ ಬಾಗಿಲು ಮುಚ್ಚಿದರೂ ಅಲ್ಲಿಂದ ಹೊರಟ ಗಾಡಿಗಳು ರಸ್ತೆ ಬಿಡಲಿಲ್ಲ. ಅವನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರು ಊರೂರಿನಲ್ಲಿದ್ದಾರೆ. ಅವರೆಲ್ಲರೂ ಒಂದಲ್ಲ ಒಂದು ದಿನ ಎದುರಿಸಬೇಕಾದ ಪ್ರಶ್ನೆಯೊಂದಿದೆ: ಸವೆದ ಕವೆಯನ್ನು ಮೊದಲಿದ್ದಂತೆಯೇ ಸರಿಪಡಿಸಬೇಕೆ, ಇಲ್ಲವೆ ಅದಕ್ಕಿಂತ ಉತ್ತಮವಾದುದನ್ನು ತಂದು ಜೋಡಿಸಬೇಕೆ? ನನ್ನ ಮನೆಯಲ್ಲಿಯೂ ಅಂಥದೊಂದು ಜಾವಾ ಇರುವುದರಿಂದ ಇದು ನನಗೆ ಬರಿಯ ತಾತ್ವಿಕ ಜಿಜ್ಞಾಸೆಯಾಗಿ ಉಳಿದಿಲ್ಲ.

ಉತ್ತರಕ್ಕೆ ಮುನ್ನ ಕವೆಯ ಚರಿತ್ರೆಯನ್ನು ಒಂದಿಷ್ಟು ತಿಳಿಯುವುದು ಒಳ್ಳೆಯದು. ಮೊದಮೊದಲಿನ ಮೋಟಾರ್‌ಸೈಕಲ್ಲುಗಳು ಎಂಜಿನ್ನು ಹೊತ್ತ ಬೈಸಿಕಲ್ಲುಗಳೇ ಆಗಿದ್ದವು; ಅವುಗಳ ಕವೆಗೆ ಬಾಗುಬಳುಕು ಇರಲಿಲ್ಲ. ವೇಗ ಹೆಚ್ಚಿದಂತೆ ಸವಾರನ ಮೂಳೆಗಳು ಆಕ್ಷೇಪವೆತ್ತಿದವು. ಆಗ ಗರ್ಡರ್ ಎಂಬ ಮಾದರಿ ಬಂದಿತು. ಅದರಲ್ಲಿ ಇಡೀ ಕವೆಯೇ ನಾಲ್ಕು ಕೀಲುಗಳ ಮೇಲೆ, ಸಮಾಂತರ ಚತುರ್ಭುಜದಂತೆ, ಮೇಲೂ ಕೆಳಗೂ ಆಡುತ್ತಿತ್ತು. ನಡುವೆ ಒಂದು ಸ್ಪ್ರಿಂಗು. ಬಳಿಕ ಒಂದು ಕೊಳವೆಯೊಳಗೆ ಇನ್ನೊಂದು ಜಾರುವ ಟೆಲಿಸ್ಕೋಪಿಕ್ ಕವೆ ರೂಢಿಗೆ ಬಂದಿತು. ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ 1935ರಲ್ಲಿ ತನ್ನ ಆರ್ 12 ಮತ್ತು ಆರ್ 17 ಗಾಡಿಗಳಿಗೆ ಎಣ್ಣೆಯ ತಡೆಯುಳ್ಳ ಇಂಥ ಕವೆಯನ್ನು ಅಳವಡಿಸಿತು. ಎರಡನೆಯ ಮಹಾಯುದ್ಧದ ತರುವಾಯ ಇತರ ತಯಾರಕರೂ ಒಬ್ಬೊಬ್ಬರಾಗಿ ಅದೇ ಹಾದಿ ಹಿಡಿದರು. ನಮ್ಮ ಜಾವಾದ ಕವೆ ಇದೇ ವಂಶಕ್ಕೆ ಸೇರಿದ್ದು.

ಅದರ ಒಳಗೆ ನಡೆಯುವ ಕೆಲಸ ಸರಳವಾದದ್ದು. ಗಾಲಿ ಗುಂಡಿಗೆ ಬಿದ್ದು ಏಳುವಾಗ ಸ್ಪ್ರಿಂಗು ಕುಗ್ಗಿ ಏಟನ್ನು ನುಂಗುತ್ತದೆ. ಆದರೆ ಸ್ಪ್ರಿಂಗು ನುಂಗಿದ್ದನ್ನು ಜೀರ್ಣಿಸಿಕೊಳ್ಳಲಾರದು, ಒಡನೆಯೇ ಹಿಂದಕ್ಕೆ ಕೊಡುತ್ತದೆ; ತಡೆಯಿಲ್ಲದಿದ್ದರೆ ಗಾಡಿ ಕಪ್ಪೆಯಂತೆ ಕುಪ್ಪಳಿಸಬೇಕಾದೀತು. ಸಣ್ಣ ರಂಧ್ರಗಳ ಮೂಲಕ ಹಾಯುವ ಎಣ್ಣೆ ಆ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸಿ ಕುಪ್ಪಳಿಕೆಯನ್ನು ಅಡಗಿಸುತ್ತದೆ. ಹೊರುವುದು ಸ್ಪ್ರಿಂಗಿನ ಕೆಲಸ, ಸಮಾಧಾನಪಡಿಸುವುದು ಎಣ್ಣೆಯ ಕೆಲಸ.

ಕವೆಗೆ ಇನ್ನೊಂದು ಹೊಣೆಯಿದೆ, ಅದು ಇನ್ನೂ ಸೂಕ್ಷ್ಮವಾದದ್ದು. ಕವೆ ನೆಟ್ಟಗೆ ನಿಲ್ಲದೆ ಹಿಂದಕ್ಕೆ ವಾಲಿರುವುದನ್ನು ತಾವು ಗಮನಿಸಿರಬಹುದು. ಹ್ಯಾಂಡಲ್ಲು ತಿರುಗುವ ಅಕ್ಷವನ್ನು ಕೆಳಕ್ಕೆ ಎಳೆದರೆ ಆ ರೇಖೆ ಟೈರು ನೆಲ ಮುಟ್ಟುವ ಜಾಗಕ್ಕಿಂತ ತುಸು ಮುಂದೆ ನೆಲವನ್ನು ಸಂಧಿಸುತ್ತದೆ. ಈ ಎರಡು ಬಿಂದುಗಳ ನಡುವಿನ ಅಂತರಕ್ಕೆ ಟ್ರೇಲ್ ಎಂದು ಹೆಸರು. ನಾವು ಹಿಂಬಾಲು ಎನ್ನೋಣ. ತಳ್ಳುಗಾಡಿಯ ಪುಟ್ಟ ಗಾಲಿ ತಾನಾಗಿಯೇ ನಡೆಯುವ ದಿಕ್ಕಿಗೆ ತಿರುಗಿ ಹಿಂಬಾಲಿಸುವಂತೆ, ಮೋಟಾರ್‌ಸೈಕಲ್ಲಿನ ಮುಂಗಾಲಿಯೂ ಈ ಅಂತರದ ಬಲದಿಂದ ನೇರಕ್ಕೆ ಬರಲು ಹವಣಿಸುತ್ತದೆ. ಹಿಂಬಾಲು ಹೆಚ್ಚಾದರೆ ಗಾಡಿ ನೇರ ರಸ್ತೆಯಲ್ಲಿ ಗಂಭೀರವಾಗಿ ಓಡುತ್ತದೆ, ತಿರುವಿನಲ್ಲಿ ಹಟ ಮಾಡುತ್ತದೆ. ಕಡಿಮೆಯಾದರೆ ಚುರುಕಾಗಿ ತಿರುಗುತ್ತದೆ, ವೇಗದಲ್ಲಿ ಕಂಪಿಸುತ್ತದೆ.

ಒಂದು ಲೆಕ್ಕ ನೋಡೋಣ. ಗಾಲಿಯ ತ್ರಿಜ್ಯ 300 ಮಿಲಿಮೀಟರು, ಕವೆಯ ವಾಲಿಕೆ 27 ಡಿಗ್ರಿ, ತಿರುಗುವ ಅಕ್ಷಕ್ಕಿಂತ ಗಾಲಿಯ ಅಚ್ಚು 45 ಮಿಲಿಮೀಟರು ಮುಂದೆ ಎಂದಿಟ್ಟುಕೊಂಡರೆ ಹಿಂಬಾಲು ಸುಮಾರು 102 ಮಿಲಿಮೀಟರು ಆಗುತ್ತದೆ. ಅಚ್ಚನ್ನು ಇನ್ನು 10 ಮಿಲಿಮೀಟರು ಮುಂದಕ್ಕೆ ತಳ್ಳುವ ಬೇರೆ ಕವೆಯನ್ನು ಜೋಡಿಸಿದರೆ ಹಿಂಬಾಲಿನಲ್ಲಿ ಸುಮಾರು 11 ಮಿಲಿಮೀಟರು ನಷ್ಟ. ಎರಡು ಚಕ್ರಗಳ ಅಂತರ 1320 ಮಿಲಿಮೀಟರು ಇರುವ ಗಾಡಿಗೆ 25 ಮಿಲಿಮೀಟರು ಉದ್ದವಾದ ಕವೆ ಹಾಕಿದರೆ ವಾಲಿಕೆ ಹತ್ತಿರ ಹತ್ತಿರ ಒಂದು ಡಿಗ್ರಿ ಬದಲಾಗುತ್ತದೆ. ಒಂದು ಅಂಗುಲದ ವ್ಯತ್ಯಾಸ ಕಣ್ಣಿಗೆ ಕಾಣದು. ಸವಾರನ ತೋಳುಗಳಿಗೆ ಮೊದಲ ಮೈಲಿಯಲ್ಲೇ ತಿಳಿಯುತ್ತದೆ.

ಇನ್ನು ಮುಪ್ಪಿನ ಲಕ್ಷಣಗಳು. ಜಾರುವ ಕೊಳವೆಯ ಮೇಲಿನ ಕ್ರೋಮ್ ಲೇಪ ತುಕ್ಕಿನಿಂದ ಚುಕ್ಕೆ ಚುಕ್ಕೆಯಾಗಿ ಏಳುತ್ತದೆ. ಆ ಒರಟು ಮೈ ಎಣ್ಣೆಯ ಸೀಲನ್ನು ಕೊರೆಯುತ್ತದೆ, ಎಣ್ಣೆ ಸೋರುತ್ತದೆ. ಒಳಗಿನ ಬುಷ್‌ಗಳು ಸವೆದು ಕೊಳವೆಗಳು ಗಡಗಡಿಸುತ್ತವೆ. ಇವೆಲ್ಲಕ್ಕಿಂತ ಗುಟ್ಟಾಗಿ ಕೆಡುವುದು ಹ್ಯಾಂಡಲ್ಲಿನ ಬುಡದ ಬೇರಿಂಗು. ಮೆಕ್ಯಾನಿಕ್ಕುಗಳು ಕೋನ್‌ಸೆಟ್ಟು ಎಂದು ಕರೆಯುವ ಇದರಲ್ಲಿ ಬಟ್ಟಲುಗಳ ನಡುವೆ ಬಿಡಿ ಬಿಡಿಯಾದ ಉಕ್ಕಿನ ಗುಂಡುಗಳಿರುತ್ತವೆ. ಗಾಡಿ ಬಹುಪಾಲು ನೇರವಾಗಿಯೇ ಓಡುವುದರಿಂದ ಈ ಗುಂಡುಗಳು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಏಟು ತಿಂದು ಬಟ್ಟಲಿನಲ್ಲಿ ಸಣ್ಣ ಸಣ್ಣ ಕುಳಿಗಳನ್ನು ತೋಡುತ್ತವೆ. ಪರೀಕ್ಷೆ ಸುಲಭ: ಮುಂಗಾಲಿಯನ್ನು ನೆಲದಿಂದ ಎತ್ತಿ ಹ್ಯಾಂಡಲ್ಲನ್ನು ಮೆಲ್ಲನೆ ತಿರುಗಿಸಬೇಕು. ನಟ್ಟನಡುವೆ ಅದು ಕಚ್ಚಿಕೊಂಡಂತೆ ತೋರಿದರೆ ಕುಳಿ ಬಿದ್ದಿದೆಯೆಂದೇ ಅರ್ಥ. ಕವೆಯ ಕೆಳತುದಿಯನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿದಾಗ ಟಕಟಕ ಎಂದರೆ ಸಡಿಲವಾಗಿದೆಯೆಂದು ತಿಳಿಯಬೇಕು.

ಈ ಬೇರಿಂಗಿನ ವಿಷಯದಲ್ಲಿ ಉತ್ತಮೀಕರಣವನ್ನು ನಾನು ಸಂಕೋಚವಿಲ್ಲದೆ ಒಪ್ಪುತ್ತೇನೆ. ಗುಂಡುಗಳಿಗೆ ಬದಲಾಗಿ ಒಂದು ಕಡೆ ಸಪೂರವಾದ ಉರುಳೆಗಳುಳ್ಳ ಟೇಪರ್ ರೋಲರ್ ಬೇರಿಂಗನ್ನು ಹಾಕಬಹುದು. ಗುಂಡು ಬಟ್ಟಲನ್ನು ಮುಟ್ಟುವುದು ಒಂದು ಬಿಂದುವಿನಲ್ಲಿ, ಉರುಳೆ ಮುಟ್ಟುವುದು ಒಂದು ಗೆರೆಯುದ್ದಕ್ಕೆ. ಆದ್ದರಿಂದ ಭಾರ ಹಂಚಿಹೋಗಿ ಕುಳಿ ಬೀಳುವುದು ತಡವಾಗುತ್ತದೆ. ಇದೇನೂ ನಿನ್ನೆಯ ಸೃಷ್ಟಿಯಲ್ಲ. ಅಮೆರಿಕದ ಹೆನ್ರಿ ಟಿಮ್‌ಕೆನ್ ಎಂಬ ಸಾರೋಟು ತಯಾರಕ 1898ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದ. ಜೋಡಿಸುವಾಗ ಎರಡು ಎಚ್ಚರಿಕೆಗಳು ಬೇಕು. ಹೊಸ ಬೇರಿಂಗಿನ ಎತ್ತರ ಹಳೆಯದಕ್ಕಿಂತ ಹೆಚ್ಚಾಗಿದ್ದರೆ ಮೇಲಿನ ನಟ್ಟಿಗೆ ಸಾಕಷ್ಟು ಮರೆ ಸಿಗುವುದಿಲ್ಲ. ಇದನ್ನು ಮೊದಲೇ ಅಳೆಯಬೇಕು. ಎರಡನೆಯದು ಬಿಗಿಯ ಹದ. ಅಲುಗಾಟ ಹೋಗುವಷ್ಟು ಬಿಗಿದು ನಿಲ್ಲಿಸಬೇಕು. ಗಾಲಿ ಮೇಲಿದ್ದಾಗ ಹ್ಯಾಂಡಲ್ಲು ತನ್ನ ಭಾರದಿಂದಲೇ ಪಕ್ಕಕ್ಕೆ ವಾಲಬೇಕು. ಅತಿಯಾಗಿ ಬಿಗಿದರೆ ಸವಾರ ಅರಿವಿಲ್ಲದೆಯೇ ಮಾಡುವ ಸಣ್ಣ ತಿದ್ದುಪಡಿಗಳಿಗೆ ಅವಕಾಶವಿಲ್ಲದೆ ಗಾಡಿ ನಿಧಾನ ವೇಗದಲ್ಲಿ ಹಾವಿನಂತೆ ಹರಿದಾಡುತ್ತದೆ.

ಕೊಳವೆಗಳಿಗೆ ಹೊಸ ಲೇಪ ಕೊಡಿಸುವವರು ಅಲಂಕಾರದ ಕ್ರೋಮಿಗೂ ಹಾರ್ಡ್ ಕ್ರೋಮಿಗೂ ಇರುವ ಭೇದವನ್ನು ತಿಳಿದಿರಬೇಕು. ಮೊದಲನೆಯದರ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನಿಗೂ ಕಡಿಮೆ. ಅದು ಬಂಪರಿಗೆ ಸರಿ, ಕವೆಗಲ್ಲ. ಎರಡನೆಯದನ್ನು ಹತ್ತಾರು ಮೈಕ್ರಾನು ದಪ್ಪಕ್ಕೆ ಹಾಕಿ, ಅಳತೆಗೆ ಸರಿಯಾಗಿ ಉಜ್ಜಿ ನುಣುಪು ಮಾಡುತ್ತಾರೆ. ಬಾಗಿದ ಕೊಳವೆಯನ್ನು ಸಮತಲದ ಮೇಲೆ ಉರುಳಿಸಿದರೆ ವಕ್ರತೆ ಗೋಚರಿಸುತ್ತದೆ. ಅಲ್ಪವಾಗಿ ಬಾಗಿದ್ದನ್ನು ಪ್ರೆಸ್ಸಿನಲ್ಲಿ ನೇರ ಮಾಡಬಹುದಾದರೂ ಮಡಿಕೆ ಬಿದ್ದದ್ದನ್ನು, ಬಿರುಕು ಬಿಟ್ಟದ್ದನ್ನು ಬಿಸುಡಲೇಬೇಕು, ಬೆಸುಗೆ ಹಾಕಿ ಬಳಸಕೂಡದು. ಕುಸಿದ ಸ್ಪ್ರಿಂಗಿಗೆ ಬದಲಿ ತರುವಾಗಲೂ ಗಡುಸಾದದ್ದೇ ಶ್ರೇಷ್ಠ ಎಂದು ಭಾವಿಸಬಾರದು: ಸವಾರ ಕುಳಿತಾಗ ಕವೆ ತನ್ನ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ತಗ್ಗಬೇಕು. ಎಣ್ಣೆ ಎರಡು ಕಾಲುಗಳಲ್ಲಿಯೂ ಸಮನಾಗಿರಬೇಕು. ಕೊನೆಗೆ, ಅಚ್ಚಿನ ಪಕ್ಕದ ಬಿಗಿಬೋಲ್ಟನ್ನು ಸಡಿಲವಾಗಿಟ್ಟು ಕವೆಯನ್ನು ಹಲವು ಬಾರಿ ಅದುಮಿ ಬಿಟ್ಟು, ಕಾಲುಗಳು ತಾವಾಗಿಯೇ ಸಮಾಂತರಕ್ಕೆ ಬಂದ ಮೇಲೆ ಬಿಗಿಯಬೇಕು.

ಇಷ್ಟರವರೆಗೆ ಹೇಳಿದ ಸುಧಾರಣೆಗಳಲ್ಲಿ ಯಾವುದೂ ಹೊರಗಿನಿಂದ ಕಾಣುವುದಿಲ್ಲ. ಕೆಲವರ ಆಸೆ ಇಲ್ಲಿಗೆ ನಿಲ್ಲುವುದಿಲ್ಲ. ಹೊಸ ಕಾಲದ ಗಾಡಿಯೊಂದರ ದಪ್ಪ ಕವೆಯನ್ನು ಡಿಸ್ಕ್ ಬ್ರೇಕಿನ ಸಮೇತ ಬಿಚ್ಚಿ ತಂದು ಹಳೆಯ ಚೌಕಟ್ಟಿಗೆ ತೊಡಿಸುತ್ತಾರೆ. ಅವರ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಇಂದಿನ ರಸ್ತೆಯಲ್ಲಿ ಮುಂದಿನ ವಾಹನ ತಟ್ಟನೆ ನಿಂತರೆ ಹಳೆಯ ಡ್ರಮ್ ಬ್ರೇಕಿನವನ ಪಾಡೇನು ಎಂಬ ಅವರ ಪ್ರಶ್ನೆ ಪ್ರಾಣಕ್ಕೆ ಸಂಬಂಧಿಸಿದ್ದು. ಆದರೆ ಬ್ರೇಕಿನ ಬಲವನ್ನು ಹೊರುವವರು ಯಾರು? ಸವಾರನೂ ಗಾಡಿಯೂ ಸೇರಿ 200 ಕಿಲೋ, ಭಾರಕೇಂದ್ರ ನೆಲದಿಂದ 60 ಸೆಂಟಿಮೀಟರು ಎತ್ತರ ಎಂದು ಹಿಡಿದರೆ, ಗುರುತ್ವದ ಅರ್ಧದಷ್ಟು ಬಲವಾಗಿ ಬ್ರೇಕು ಹಾಕಿದಾಗ ಸುಮಾರು 45 ಕಿಲೋ ಭಾರ ಹಿಂಗಾಲಿಯಿಂದ ಮುಂಗಾಲಿಗೆ ವರ್ಗವಾಗುತ್ತದೆ. ಗುರುತ್ವದ ಹತ್ತರಲ್ಲಿ ಎಂಟರಷ್ಟು ಬಲವಾದರೆ 70 ಕಿಲೋ ದಾಟುತ್ತದೆ. ಅದರೊಡನೆ ಕವೆಯನ್ನು ಹಿಂದಕ್ಕೆ ಬಾಗಿಸುವ ಎಳೆತವೂ ಏರುತ್ತದೆ. ಹೊಸ ಕವೆ ಇದನ್ನು ತಾಳಬಹುದು. ಅದರ ಒತ್ತಡವೆಲ್ಲ ಹೋಗಿ ನಾಟುವುದು ಅರುವತ್ತು ವರ್ಷ ಹಳೆಯ ಚೌಕಟ್ಟಿನ ತಲೆಗೆ. ಜಾವಾದಲ್ಲಿ ಇನ್ನೊಂದು ನಷ್ಟವೂ ಉಂಟು. ಅದರ ದೀಪ, ವೇಗಮಾಪಕ, ಕವೆಯ ಹೆಗಲು ಎಲ್ಲವೂ ಒಂದೇ ಕವಚದಲ್ಲಿ ಅಡಗಿವೆ. ಕವೆ ಹೋದರೆ ಆ ಮುಖವೇ ಹೋಗುತ್ತದೆ.

ಕಾನೂನಿಗೂ ಇಲ್ಲಿ ಮಾತಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. 2021ರಲ್ಲಿ ಬಂದ ನಿಯಮಗಳ ಪ್ರಕಾರ ಐವತ್ತು ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಅದು ಮೂಲರೂಪದಲ್ಲಿ ಉಳಿದಿರಬೇಕು. ಚೌಕಟ್ಟು, ಎಂಜಿನ್ನು ಮೊದಲಾದವುಗಳಲ್ಲಿ ಗಣನೀಯವಾದ ಮಾರ್ಪಾಟು ಆಗಿರಬಾರದು.

ನಮ್ಮ ಹಿರಿಯರು ಗುಡಿಗಳ ವಿಷಯದಲ್ಲಿ ಬಳಸಿದ ಜೀರ್ಣೋದ್ಧಾರ ಎಂಬ ಮಾತು ಇಲ್ಲಿ ನನಗೆ ದಾರಿ ತೋರಿಸುತ್ತದೆ. ಊರ ತೇರಿನ ಗಾಲಿ ಸವೆದಾಗ ಹೊಸ ಮರದಿಂದ ಗಾಲಿ ಮಾಡಿಸುತ್ತಾರೆ, ಅಚ್ಚು ಮುರಿದರೆ ಗಟ್ಟಿಯಾದ ಅಚ್ಚನ್ನು ಹಾಕಿಸುತ್ತಾರೆ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ತೇರಿನ ಆಕಾರವನ್ನು ಮಾತ್ರ ಮುಟ್ಟುವುದಿಲ್ಲ. ಹಳೆಯ ಗಾಡಿಗೂ ಇದೇ ವಿವೇಕ ಸಾಕು. ಬೇರಿಂಗು, ಸೀಲು, ಬುಷ್, ಎಣ್ಣೆ, ಸ್ಪ್ರಿಂಗು ಇವುಗಳಲ್ಲಿ ಇಂದಿನ ಕಾಲದ ಉತ್ತಮ ವಸ್ತುವನ್ನೇ ತರೋಣ. ಅಳತೆಯನ್ನೂ ಆಕಾರವನ್ನೂ ತಯಾರಿಸಿದವರು ಇಟ್ಟಂತೆ ಇರಗೊಡೋಣ. ಬ್ರೇಕು ಹಳೆಯದು ಎಂಬ ಸತ್ಯಕ್ಕೆ ಮುಂದಿನ ವಾಹನದಿಂದ ಇನ್ನಷ್ಟು ದೂರದಲ್ಲಿ, ಇನ್ನಷ್ಟು ನಿಧಾನವಾಗಿ ಓಡಿಸುವುದೇ ಸರಿಯಾದ ಪರಿಹಾರ. ಅಷ್ಟು ಸಾವಧಾನ ಒಲ್ಲದವರಿಗೆ ಹೊಸ ಗಾಡಿಗಳು ಅಂಗಡಿಯಲ್ಲಿ ಬೇಕಾದಷ್ಟಿವೆ.