ಮುಖ ಗುರುತಿಸುವ ಯಂತ್ರಗಳು: ಉದ್ಯಮಿಗಳು ಅರಿಯಬೇಕಾದ ಅಂಶಗಳು

ನೌಕರರ ಹಾಜರಾತಿ ದಾಖಲಿಸಲು ಹಾಗೂ ಮಳಿಗೆಗಳಲ್ಲಿ ಕಳವು ತಡೆಯಲು ಮುಖ ಗುರುತಿಸುವ ಯಂತ್ರಗಳನ್ನು ಸಣ್ಣ ಉದ್ಯಮಗಳೂ ಅಳವಡಿಸಿಕೊಳ್ಳುತ್ತಿವೆ. ಕೆಲಸದಿಂದ ಬೆರಳು ಸವೆದು ಬೆರಳಚ್ಚು ಸರಿಯಾಗಿ ಮೂಡದ ಕಾರ್ಮಿಕರಿರುವಲ್ಲಿ ಇವು ಅನುಕೂಲಕರವೇ ಸರಿ. ಆದರೆ ಯಂತ್ರ ನೀಡುವುದು ಅಂದಾಜನ್ನೇ ಹೊರತು ಸಾಕ್ಷ್ಯವನ್ನಲ್ಲ ಎಂಬುದನ್ನು ಮರೆತರೆ ನಷ್ಟ ತಪ್ಪಿದ್ದಲ್ಲ.

ಕಾರ್ಯವಿಧಾನ

ಡೀಪ್ ಲರ್ನಿಂಗ್ ಎಂದರೆ ಹಲವು ಪದರಗಳುಳ್ಳ ಗಣಿತ ಜಾಲವನ್ನು ಅಪಾರ ಸಂಖ್ಯೆಯ ಚಿತ್ರಗಳಿಂದ ತರಬೇತುಗೊಳಿಸುವ ವಿಧಾನ. ಈ ಜಾಲವು ಪ್ರತಿಯೊಂದು ಮುಖವನ್ನೂ ಅಂಕಿಗಳ ಸಾಲಾಗಿ ಪರಿವರ್ತಿಸುತ್ತದೆ. ಗೂಗಲ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಫೇಸ್‌ನೆಟ್ ವಿಧಾನದಲ್ಲಿ ಒಂದು ಮುಖಕ್ಕೆ 128 ಅಂಕಿಗಳು. ಒಬ್ಬನೇ ವ್ಯಕ್ತಿಯ ಎರಡು ಚಿತ್ರಗಳ ಅಂಕಿಗಳು ಪರಸ್ಪರ ಸಮೀಪವಿರುತ್ತವೆ. ಎಷ್ಟು ಸಮೀಪವಿದ್ದರೆ ‘ಅದೇ ವ್ಯಕ್ತಿ’ ಎನ್ನಬೇಕೆಂಬ ಮಿತಿಯನ್ನು ಮನುಷ್ಯರೇ ನಿಗದಿಪಡಿಸುತ್ತಾರೆ. ಮಿತಿ ಸಡಿಲವಾದರೆ ಅನ್ಯರಿಗೂ ಪ್ರವೇಶ ದೊರೆಯುತ್ತದೆ. ಬಿಗಿಯಾದರೆ ಸ್ವಂತ ನೌಕರರೇ ಹೊರಗುಳಿಯುತ್ತಾರೆ.

ತಪ್ಪಿನ ಲೆಕ್ಕ

ಒಂದು ಹೋಲಿಕೆಯಲ್ಲಿ ತಪ್ಪಾಗುವ ಸಂಭವ 10,000ಕ್ಕೆ 1 ಎಂದಿಟ್ಟುಕೊಳ್ಳೋಣ. ನೌಕರನು ತನ್ನ ಸಂಖ್ಯೆ ಒತ್ತಿ ಮುಖ ತೋರಿಸಿದರೆ ಹೋಲಿಕೆ ಒಂದೇ; ಅಪಾಯ ಅತ್ಯಲ್ಪ. ಆದರೆ ಮಳಿಗೆಗೆ ಬರುವ ಪ್ರತಿ ಗ್ರಾಹಕನನ್ನೂ 500 ಶಂಕಿತರ ಪಟ್ಟಿಯೊಡನೆ ಹೋಲಿಸಿದರೆ, 100 ಗ್ರಾಹಕರಲ್ಲಿ ಸುಮಾರು 5 ಮಂದಿ ನಿರಪರಾಧಿಗಳು ಶಂಕೆಗೆ ಗುರಿಯಾಗುತ್ತಾರೆ.

ಇದು ಕೇವಲ ಕಾಗದದ ಲೆಕ್ಕವಲ್ಲ. ಅಮೆರಿಕದ ರೈಟ್ ಏಡ್ ಔಷಧ ಮಳಿಗೆಗಳ ಸಿಬ್ಬಂದಿ ಯಂತ್ರದ ತಪ್ಪು ಸೂಚನೆ ನಂಬಿ ಗ್ರಾಹಕರನ್ನು ಹಿಂಬಾಲಿಸಿದರೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಕಣ್ಗಾವಲಿಗೆ ಈ ತಂತ್ರಜ್ಞಾನವನ್ನು ಐದು ವರ್ಷ ಬಳಸದಂತೆ ಸಂಸ್ಥೆಯನ್ನು ನಿರ್ಬಂಧಿಸುವ ಕ್ರಮವನ್ನು 2023ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ಮುಖಭಾವದ ವಿಷಯ

ಗ್ರಾಹಕರ ತೃಪ್ತಿ, ನೌಕರರ ಮನಃಸ್ಥಿತಿ ಅಳೆಯುವೆವೆಂಬ ತಂತ್ರಾಂಶಗಳನ್ನು ಇನ್ನೂ ಎಚ್ಚರಿಕೆಯಿಂದ ಪರಿಶೀಲಿಸಬೇಕು. ಯಂತ್ರವು ತುಟಿ, ಹುಬ್ಬುಗಳ ಆಕಾರವನ್ನು ಗುರುತಿಸಬಲ್ಲದು, ಮನಸ್ಸನ್ನಲ್ಲ. ನಷ್ಟದಲ್ಲಿರುವ ವರ್ತಕನೂ ಗ್ರಾಹಕನೆದುರು ನಗುತ್ತಾನೆ. ಮುಖದಿಂದ ಭಾವನೆ ಊಹಿಸುವ ಸೌಲಭ್ಯವನ್ನು ಹಿಂತೆಗೆದುಕೊಳ್ಳುವುದಾಗಿ ಮೈಕ್ರೋಸಾಫ್ಟ್ 2022ರಲ್ಲಿ ಘೋಷಿಸಿತು. ಐರೋಪ್ಯ ಒಕ್ಕೂಟದಲ್ಲಿ ಕೆಲಸದ ಸ್ಥಳದಲ್ಲಿ ಇಂತಹ ಬಳಕೆಯನ್ನು, ವೈದ್ಯಕೀಯ ಮತ್ತು ಸುರಕ್ಷತಾ ಕಾರಣಗಳ ಹೊರತು, 2025ರ ಫೆಬ್ರುವರಿ 2ರಿಂದ ನಿಷೇಧಿಸಲಾಗಿದೆ.

ಖರೀದಿಗೆ ಮುನ್ನ

ಮಾರಾಟಗಾರರು ‘ಶೇ. 99 ನಿಖರ’ ಎಂದರೆ, ಅನ್ಯರನ್ನು ಒಪ್ಪಿಕೊಳ್ಳುವ ಪ್ರಮಾಣವೆಷ್ಟು, ನಮ್ಮವರನ್ನು ತಿರಸ್ಕರಿಸುವ ಪ್ರಮಾಣವೆಷ್ಟು ಎಂದು ಪ್ರತ್ಯೇಕವಾಗಿ ಕೇಳತಕ್ಕದ್ದು. ತಮ್ಮದೇ ಕಾರ್ಖಾನೆಯ ಬೆಳಕಿನಲ್ಲಿ, ತಮ್ಮದೇ ನೌಕರರ ಮೇಲೆ ಪರೀಕ್ಷಿಸಿದ ನಂತರವೇ ಹಣ ಪಾವತಿಸುವುದು ಲೇಸು. ಹಾಜರಾತಿ ತಪ್ಪಿದಾಗ ತಿದ್ದಲು ಮೇಲ್ವಿಚಾರಕರ ಪುಸ್ತಕವೊಂದಿರಲಿ. ಯಂತ್ರದ ಮಾತೊಂದನ್ನೇ ನಂಬಿ ಕೂಲಿ ಕಡಿತ ಮಾಡಬಾರದು. ಮುಖದ ದತ್ತಾಂಶ ಸೋರಿಕೆಯಾದರೆ ಗುಪ್ತಪದದಂತೆ ಅದನ್ನು ಬದಲಿಸಲಾಗದು. ದತ್ತಾಂಶ ರಕ್ಷಣೆಯಲ್ಲಿ ಲೋಪವಾದಲ್ಲಿ ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. ಆದುದರಿಂದ ಕೆಲಸ ಬಿಟ್ಟವರ ದಾಖಲೆಯನ್ನು ಅಳಿಸುವ ಷರತ್ತನ್ನು ಖರೀದಿ ಕರಾರಿನಲ್ಲಿಯೇ ಸೇರಿಸುವುದು ಸೂಕ್ತ.